ಹಳೆಯ ಬಡಾವಣೆಯ ಮನೆಗಳನ್ನು ನೋಡುವ ಬಗೆ: ಒಂದು ಬೆಳಗಿನ ನಡಿಗೆಗೆ ಕೈಪಿಡಿ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ, ಶಂಕರಪುರಗಳಲ್ಲಿ ಓಡಾಡುವವರಿಗೆಲ್ಲ ಅಲ್ಲಿ ಹಳೆಯ ಮನೆಗಳು ಇನ್ನೂ ಉಳಿದಿವೆ ಎಂಬುದು ಗೊತ್ತು. ಆದರೆ ಅಂಥ ಮನೆಯೊಂದರ ಎದುರು ನಿಂತಾಗ ಏನನ್ನು ನೋಡಬೇಕು ಎಂದು ಕೇಳಿದರೆ, ಹೆಂಚಿನ ಮಾಡು, ಮರದ ಕಂಬ ಎನ್ನುವಷ್ಟರಲ್ಲಿ ಮಾತು ಮುಗಿದುಹೋಗುತ್ತದೆ. ನೋಡಬೇಕಾದದ್ದು ಅದಕ್ಕಿಂತ ಬಹಳ ಹೆಚ್ಚಿದೆ. ಅದನ್ನು ಗುರುತಿಸಲು ವಾಸ್ತುಶಿಲ್ಪ ಓದಿರಬೇಕಾಗಿಲ್ಲ. ಅಂದಕ್ಕೆಂದು ಮಾಡಿದಂತೆ ತೋರುವ ಯಾವುದನ್ನು ಕಂಡರೂ ‘ಇದಕ್ಕೆ ಕೆಲಸವೇನಿತ್ತು?’ ಎಂದು ಕೇಳಿಕೊಳ್ಳುವ ಅಭ್ಯಾಸವೊಂದಿದ್ದರೆ ಸಾಕು. ಮಳೆ, ಬಿಸಿಲು, ಹೊಗೆ, ಕಳ್ಳರು, ದಾರಿಹೋಕರು, ರೋಗ ಇವುಗಳಲ್ಲಿ ಯಾವುದೋ ಒಂದಕ್ಕೆ ಅದು ಉತ್ತರವಾಗಿರುತ್ತದೆ.

ರೋಗ ಎಂದದ್ದಕ್ಕೆ ಕಾರಣವಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿಯಿತು. ಪೇಟೆಯ ಇಕ್ಕಟ್ಟಾದ ಗಲ್ಲಿಗಳಲ್ಲಿ, ಗೋಡೆಗೆ ಗೋಡೆ ತಾಗಿಕೊಂಡಿದ್ದ ಮನೆಗಳಲ್ಲಿ ಅದು ಹಬ್ಬಿದ ರೀತಿಯನ್ನು ಕಂಡ ಮೇಲೆ, ಗಾಳಿ ಬೆಳಕು ಆಡುವ ಅಗಲ ರಸ್ತೆಗಳ ಹೊಸ ಬಡಾವಣೆಗಳತ್ತ ಜನ ಹೊರಟರು. ಬಸವನಗುಡಿಯೂ ಮಲ್ಲೇಶ್ವರವೂ ಆಗ ತುಂಬಿಕೊಂಡವು. ಅಲ್ಲಿನ ಕಿಟಕಿ, ಬೆಳಕಿಂಡಿ, ಹಿತ್ತಿಲ ಓಣಿಗಳಲ್ಲೆಲ್ಲ ಆ ಭಯದ ಗುರುತುಗಳಿವೆ.

ಹೊರಡುವ ಮುನ್ನ

ಒಂದೇ ರಸ್ತೆಯನ್ನು ಆರಿಸಿಕೊಳ್ಳಿ. ಇಡೀ ಬಸವನಗುಡಿಯನ್ನು ಒಂದು ಬೆಳಿಗ್ಗೆ ನೋಡಿ ಮುಗಿಸುತ್ತೇನೆ ಎಂದು ಹೊರಟವರಿಗೆ ಕಾಲುನೋವು ಮಾತ್ರ ಉಳಿಯುತ್ತದೆ. ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಲ್ಲಿ ಇಳಿದು ಗಾಂಧಿ ಬಜಾರಿನತ್ತ ನಡೆಯಬಹುದು, ಇಲ್ಲವೇ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದು ಮಲ್ಲೇಶ್ವರದ ಅಡ್ಡರಸ್ತೆಗಳನ್ನು ಹೊಕ್ಕಬಹುದು. ಅಂಗಡಿಸಾಲಿನ ಮುಖ್ಯರಸ್ತೆಯನ್ನು ಬಿಟ್ಟು ಅದಕ್ಕೆ ಸೇರುವ ಅಡ್ಡರಸ್ತೆಯನ್ನು ಹಿಡಿಯಿರಿ. ಹಳೆಯ ಮನೆಗಳು ಉಳಿದಿರುವುದು ಅಲ್ಲೇ.

ಭಾನುವಾರ ಬೆಳಿಗ್ಗೆ 7ರಿಂದ 9ರವರೆಗಿನ ಹೊತ್ತು ಒಳ್ಳೆಯದು. ವಾಹನಗಳ ಕಾಟ ಕಡಿಮೆ ಎಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದದ್ದು ಓರೆಯಾಗಿ ಬೀಳುವ ಎಳೆಬಿಸಿಲು. ಗಾರೆಯಲ್ಲಿ ಮೂಡಿಸಿದ ಬಳ್ಳಿ, ಅಕ್ಷರ, ಇಸವಿಗಳು ನಡುಹಗಲಿನ ಬೆಳಕಿನಲ್ಲಿ ಚಪ್ಪಟೆಯಾಗಿ ಗೋಡೆಯಲ್ಲಿ ಕರಗಿಬಿಡುತ್ತವೆ. ಓರೆ ಬೆಳಕಿನಲ್ಲಿ ಪ್ರತಿ ಅಂಚಿಗೂ ನೆರಳು ಬಂದು, ಸುಣ್ಣದ ಹತ್ತು ಪದರಗಳಡಿ ಮುಚ್ಚಿಹೋದ ಅಕ್ಷರವೂ ಓದಲು ಸಿಗುತ್ತದೆ. ಪೂರ್ವಕ್ಕೆ ಮುಖ ಮಾಡಿದ ಮನೆಗಳನ್ನು ಬೆಳಿಗ್ಗೆ ನೋಡಿ, ಪಶ್ಚಿಮದ ಕಡೆಯವನ್ನು ಸಂಜೆಗೆ ಇಟ್ಟುಕೊಳ್ಳಿ. ಜಿಟಿಜಿಟಿ ಮಳೆಯ ದಿನವಾದರೆ ಇನ್ನೂ ಒಳ್ಳೆಯದು. ಕೊಡೆ ಹಿಡಿದು ಹೋಗಿ, ನೀರು ಎಲ್ಲಿಂದ ಹರಿದು ಎಲ್ಲಿ ಬೀಳುತ್ತದೆ ಎಂದು ನೋಡಿ. ಮನೆ ಕಟ್ಟಿದವರ ಜಾಣತನ ಆಗ ಎದ್ದು ಕಾಣುತ್ತದೆ.

ಕೈಯಲ್ಲಿ ಒಂದು ಪುಸ್ತಕ, ಪೆನ್ಸಿಲು, ಮೊಬೈಲು ಇರಲಿ. ಮನೆಯನ್ನು ಅದರ ಎದುರಿನ ಪಾದಚಾರಿ ದಾರಿಯಿಂದ ನೋಡಿ. ಗೇಟಿನ ಮುಂದೆಯೇ ನಿಂತರೆ ಮಾಡೂ ನೆತ್ತಿಯೂ ಕಾಣುವುದಿಲ್ಲ. ಹೋಗುವಾಗ ರಸ್ತೆಯ ಒಂದು ಬದಿ, ಬರುವಾಗ ಇನ್ನೊಂದು ಬದಿ ಹಿಡಿದರೆ ಎರಡೂ ಸಾಲುಗಳು ಪೂರ್ತಿ ಸಿಗುತ್ತವೆ.

ಮೊದಲು ಕಾಲ ಬುಡದಲ್ಲಿ

ಎಲ್ಲರೂ ತಲೆಯೆತ್ತಿ ನೋಡುತ್ತಾರೆ. ನೀವು ತಗ್ಗಿಸಿ ಶುರುಮಾಡಿ. ಈ ಊರು ನಿಂತಿರುವುದು ಕಲ್ಲಿನ ಮೇಲೆ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷಗಳ ವಯಸ್ಸು. ಮನೆಯ ಪಾಯ, ಮೆಟ್ಟಿಲು, ಕಾಂಪೌಂಡಿನ ಕಂಬ, ಚರಂಡಿಯ ಮೇಲೆ ಹಾಸಿದ ಚಪ್ಪಡಿ ಎಲ್ಲವೂ ಈ ಸೀಮೆಯ ಕಲ್ಲೇ. ಹಳೆಯ ಚಪ್ಪಡಿಯೊಂದರ ಅಂಚನ್ನು ಹತ್ತಿರದಿಂದ ನೋಡಿ: ಗೇಣು, ಅರ್ಧ ಗೇಣಿಗೊಂದರಂತೆ ಸಾಲಾಗಿ ಪುಟ್ಟ ಗುಳಿಗಳು ಕಾಣುತ್ತವೆ. ಕಲ್ಲುಕುಟಿಗರು ಬಂಡೆಯ ಮೇಲೆ ಗೆರೆ ಹಿಡಿದು ಉಳಿಯಿಂದ ಗುಳಿ ತೋಡಿ, ಅದರಲ್ಲಿ ಕಬ್ಬಿಣದ ಬೆಣೆಗಳನ್ನಿಟ್ಟು, ಒಂದಾದ ಮೇಲೊಂದರಂತೆ ಸುತ್ತಿಗೆಯಿಂದ ಹೊಡೆಯುತ್ತ ಹೋದರೆ ಬಂಡೆ ಆ ಗೆರೆಯ ಉದ್ದಕ್ಕೂ ಸೀಳುತ್ತದೆ. ಗುಳಿಯ ಅರ್ಧ ಈ ಕಲ್ಲಿನಲ್ಲಿ ಉಳಿದರೆ ಮಿಕ್ಕರ್ಧ ಅದರ ಜೋಡಿ ಕಲ್ಲಿನಲ್ಲಿ ಉಳಿಯುತ್ತದೆ. ಗುಳಿ ಚೌಕವಾಗಿ, ಕಡಿಮೆ ಆಳದ್ದಾಗಿದ್ದರೆ ಕೈ ಉಳಿಯ ಕೆಲಸ. ಉದ್ದುದ್ದವಾದ ದುಂಡು ನಾಳದಂತಿದ್ದರೆ ಯಂತ್ರದಲ್ಲಿ ಕೊರೆದದ್ದು. ಕಾಂಪೌಂಡು ಮನೆಯ ಕಾಲದ್ದೇ ಅಥವಾ ಆಮೇಲೆ ಸೇರಿದ್ದೇ ಎಂಬುದಕ್ಕೆ ಇಲ್ಲೊಂದು ಸುಳಿವು ಸಿಗುತ್ತದೆ.

ಪಾಯದ ಸೈಜುಗಲ್ಲುಗಳನ್ನೂ ಗಮನಿಸಿ. ರಸ್ತೆಗೆ ಕಾಣುವ ಬದಿಯಲ್ಲಿ ಕಲ್ಲಿನ ಮುಖವನ್ನು ಚೊಕ್ಕವಾಗಿ ಕಡೆದು, ಸಂದುಗಳಿಗೆ ಉಬ್ಬಿದ ಗೆರೆ ಹಿಡಿದಿರುತ್ತಾರೆ. ಪಕ್ಕದ ಸಂದಿಗೆ ತಿರುಗಿದರೆ ಅದೇ ಪಾಯ ಒರಟು ಕಲ್ಲಿನದ್ದು. ದುಡ್ಡು ಎಲ್ಲಿ ಖರ್ಚಾಯಿತು, ಎಲ್ಲಿ ಉಳಿಯಿತು ಎಂಬುದು ಆ ಮೂಲೆಯಲ್ಲಿ ತಿಳಿಯುತ್ತದೆ. ರಸ್ತೆಗೆ ಡಾಂಬರು ಏರುತ್ತ ಹೋದಂತೆ ಹೂತುಹೋದ ಮೆಟ್ಟಿಲುಗಳನ್ನು ಎಣಿಸಲು ಮರೆಯಬೇಡಿ. ಗೇಟಿನೊಳಗೆ ಇಳಿದು ಹೋಗಬೇಕಾದ ಮನೆಯಾದರೆ ಬೀದಿಯ ಮಟ್ಟ ಎಷ್ಟು ಏರಿದೆ ಎಂಬುದಕ್ಕೆ ಆ ಮನೆಯೇ ಅಳತೆ.

ಜಗಲಿ ಮತ್ತು ಬಾಗಿಲು

ಪೇಟೆಯ ಮನೆಗಳಲ್ಲಿ ಜಗಲಿ ಬೀದಿಗೇ ತೆರೆದಿತ್ತು. ದಾರಿಹೋಕರು ಕುಳಿತು ನೀರು ಕೇಳಬಹುದಾಗಿತ್ತು. ಬಡಾವಣೆಗೆ ಬಂದ ಮೇಲೆ ಅದೇ ಜಗಲಿ ಕಾಂಪೌಂಡಿನ ಒಳಗೆ ಸರಿದು ವರಾಂಡ ಆಯಿತು, ಆಮೇಲೆ ಅದಕ್ಕೆ ಕಬ್ಬಿಣದ ಗ್ರಿಲ್ ಬಂತು. ಗ್ರಿಲ್ಲಿನ ಚೌಕಟ್ಟು ಕಂಬವನ್ನು ಮುಟ್ಟುವ ಜಾಗವನ್ನು ನೋಡಿ. ಕಂಬದ ಬುಡದ ಸುತ್ತು ಕೆತ್ತನೆಯನ್ನು ಕಡಿದು ಕಬ್ಬಿಣ ಕೂರಿಸಿದ್ದರೆ ಅದು ನಂತರದ ಸೇರ್ಪಡೆ. ಗ್ರಿಲ್ಲಿಲ್ಲದೆ ಆ ವರಾಂಡವನ್ನು ಒಮ್ಮೆ ಊಹಿಸಿಕೊಂಡರೆ ಮನೆಯ ಮೊದಲಿನ ಮುಖ ಕಣ್ಣಿಗೆ ಬರುತ್ತದೆ.

ನೆಲ ಕೆಂಪಾಗಿದ್ದು ಸುತ್ತ ಕಪ್ಪು ಅಂಚಿದ್ದರೆ ಅದು ರೆಡ್ ಆಕ್ಸೈಡ್ ನೆಲ. ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಸಿಮೆಂಟಿನೊಂದಿಗೆ ಕಲಸಿ, ಒಂದೇ ದಿನ ಒಂದೇ ಕೈಯಲ್ಲಿ ತಿಕ್ಕಿ ಮುಗಿಸಬೇಕಾದ ಕೆಲಸ ಅದು. ಕೆಲಸ ನಡುವೆ ನಿಂತರೆ ಬಣ್ಣ ಎರಡಾಗುತ್ತದೆ. ದಶಕಗಳ ಕಾಲ ಜನ ಕುಳಿತ, ಕಾಲಿಟ್ಟ ಜಾಗಗಳಲ್ಲಿ ಅದರ ಹೊಳಪು ಬೇರೆಯಾಗಿರುವುದನ್ನು ಗೇಟಿನ ಹೊರಗಿನಿಂದಲೇ ಕಾಣಬಹುದು. ಬಾಗಿಲವಾಡದ ಮೇಲ್ಪಟ್ಟಿಯಲ್ಲಿ ಗಜಲಕ್ಷ್ಮಿ, ಇಕ್ಕೆಲದ ಗೋಡೆಯಲ್ಲಿ ದೀಪದ ಗೂಡು ಇವೆಯೇ ನೋಡಿ. ಗೂಡಿನ ಮೇಲ್ಭಾಗದ ಮಸಿಯನ್ನು ಎಷ್ಟು ಸುಣ್ಣ ಬಳಿದರೂ ಮುಚ್ಚಲಾಗಿರುವುದಿಲ್ಲ. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ, ಶಿವನಸಮುದ್ರದ ವಿದ್ಯುತ್ತಿನಿಂದ. ಮನೆಗಳಿಗೆ ತಂತಿ ಎಳೆದಾಗ ಅದನ್ನು ಬಿಗಿಯಲು ಸೂರಿನ ಕೆಳಗೆ ಹಾಕಿದ ಬಿಳಿ ಪಿಂಗಾಣಿ ಬುಗುಡಿಗಳು ಕೆಲವು ಗೋಡೆಗಳಲ್ಲಿ ಇಂದಿಗೂ ತಂತಿಯಿಲ್ಲದೆ ಉಳಿದಿವೆ. ದೀಪದ ಗೂಡು ಮತ್ತು ಪಿಂಗಾಣಿ ಬುಗುಡಿ ಎರಡೂ ಒಂದೇ ಗೋಡೆಯಲ್ಲಿ ಸಿಕ್ಕರೆ ಫೋಟೊ ತೆಗೆಯದೆ ಮುಂದೆ ಹೋಗಬೇಡಿ.

ಕಿಟಕಿಯ ಎದುರು ಹೆಚ್ಚು ಹೊತ್ತು ನಿಲ್ಲಿ

ನನ್ನ ಮಟ್ಟಿಗೆ ಹಳೆಯ ಮನೆಯೊಂದರಲ್ಲಿ ಅತಿ ಹೆಚ್ಚು ಬುದ್ಧಿ ಖರ್ಚಾಗಿರುವುದು ಕಿಟಕಿಯಲ್ಲಿ. ಮೊದಲು ಅದರ ಆಳ ನೋಡಿ. ಕಿಟಕಿ ಗೋಡೆಯೊಳಗೆ ಒಂದೂವರೆ ಅಡಿ ಹುದುಗಿದ್ದರೆ ಗೋಡೆ ಕಲ್ಲು, ಮಣ್ಣು ಅಥವಾ ಗಾರೆಯ ದಪ್ಪ ಗೋಡೆ. ಬಿಸಿಲು ಅದನ್ನು ಹಾಯ್ದು ಒಳಬರುವ ಹೊತ್ತಿಗೆ ಸಂಜೆಯಾಗಿರುತ್ತದೆ. 9 ಇಂಚಾದರೆ ಇಟ್ಟಿಗೆಯ ಗೋಡೆ. ಗೋಡೆಯನ್ನು ಕೆರೆಯದೆ, ಮುಟ್ಟದೆ ಅದರ ದಪ್ಪ ಅಳೆಯುವ ದಾರಿ ಇದೊಂದೇ.

ಆಮೇಲೆ ಕದಗಳು. ಒಂದೇ ಕಿಟಕಿಗೆ ಮೇಲೆ ಎರಡು, ಕೆಳಗೆ ಎರಡು, ಹೀಗೆ ನಾಲ್ಕು ಕದಗಳಿರುವುದು ಹಳೆಯ ಮನೆಗಳಲ್ಲಿ ಸಾಮಾನ್ಯ. ಕೆಳಗಿನವನ್ನು ಮುಚ್ಚಿ ಮೇಲಿನವನ್ನು ತೆರೆದರೆ ಗಾಳಿ, ಬೆಳಕು ಬರುತ್ತವೆ, ಬೀದಿಯವರ ಕಣ್ಣು ಮಾತ್ರ ಒಳಗೆ ಬೀಳುವುದಿಲ್ಲ. ಕೆಳಗಿನವನ್ನು ತೆರೆದರೆ ನೆಲದ ಮೇಲೆ ಚಾಪೆ ಹಾಸಿ ಮಲಗಿದವರಿಗೆ ತಂಪು ಸಿಗುತ್ತದೆ. ಅದಕ್ಕೇ ಇಂಥ ಕಿಟಕಿಗಳು ನೆಲಕ್ಕೆ ಅಷ್ಟು ಹತ್ತಿರದಿಂದ ಶುರುವಾಗುತ್ತವೆ. ಮನೆಯವರು ಕುರ್ಚಿಯ ಮೇಲಲ್ಲ, ನೆಲದ ಮೇಲೆ ಬದುಕುತ್ತಿದ್ದರು ಎಂಬುದನ್ನು ಕಿಟಕಿಯ ಎತ್ತರವೇ ಹೇಳುತ್ತದೆ. ಕದ ಗಾಳಿಗೆ ಬಡಿದುಕೊಳ್ಳದಂತೆ ಹಿಡಿಯುವ ಕೊಕ್ಕೆ, ಮರದ ಚೌಕಟ್ಟಿನಲ್ಲಿ ತೂತು ಕೊರೆದು ತೂರಿಸಿದ ಕಬ್ಬಿಣದ ಸರಳುಗಳು, ಕದದ ಮೇಲಿನ ಕಮಾನಿನಲ್ಲಿ ಕೂರಿಸಿದ ಹಸಿರು, ನೀಲಿ, ಕೆಂಪು ಗಾಜು, ಒಂದೊಂದನ್ನೂ ನೋಡಿ. ಒಡೆದ ಗಾಜಿನ ಜಾಗಕ್ಕೆ ಬೇರೆ ಬಣ್ಣದ್ದನ್ನು ಹಾಕಿರುವುದು ಕಂಡರೆ ಆ ಬಣ್ಣದ ಗಾಜು ಮತ್ತೆ ಸಿಗಲಿಲ್ಲ ಎಂದು ತಿಳಿಯಬಹುದು.

ಕಿಟಕಿಯಿಂದ ಇನ್ನೂ ಮೇಲೆ, ಸೂರಿಗೆ ಹತ್ತಿರದಲ್ಲಿ, ಸಣ್ಣ ದುಂಡು ಅಥವಾ ಚೌಕ ಬೆಳಕಿಂಡಿಗಳಿರುತ್ತವೆ. ಬಿಸಿಗಾಳಿ ಮೇಲೇರಿ ಇಲ್ಲಿಂದ ಹೊರಗೆ ಹೋಗುತ್ತದೆ, ಕೆಳಗಿನ ಕಿಟಕಿಯಿಂದ ತಂಪುಗಾಳಿ ಒಳಬರುತ್ತದೆ. ಗಾಜಿನ ಚೌಕಟ್ಟು ನಡುವಿನ ಕೀಲಿನ ಮೇಲೆ ತಿರುಗುವಂತಿದ್ದರೆ, ಒಳಗಿನಿಂದ ಹಗ್ಗ ಎಳೆದು ತೆರೆಯುವ ವ್ಯವಸ್ಥೆ ಇತ್ತೆಂದು ಲೆಕ್ಕ. ಫ್ಯಾನು ಬಂದ ಮೇಲೆ ಈ ಕಿಂಡಿಗಳು ಮುಚ್ಚಿದವು. ಎಷ್ಟೋ ಮನೆಗಳಲ್ಲಿ ಇಟ್ಟಿಗೆ ತುಂಬಿಸಿ ಸುಣ್ಣ ಬಳಿದಿದ್ದಾರೆ. ದುಂಡನೆಯ ಕಲೆಯೊಂದು ಗೋಡೆಯಲ್ಲಿ ಉಳಿದಿರುತ್ತದೆ, ಹುಡುಕಿ.

ಮಾಡಿನತ್ತ

ಈಗ ತಲೆಯೆತ್ತಿ. ಕಿಟಕಿಯ ಮೇಲೋ ಮುಂಬಾಗಿಲ ಮೇಲೋ ಚೂಪಾದ ಮುಡಿಯಂತೆ ಮುಂದಕ್ಕೆ ಚಾಚಿದ, ಮರದ ಸೀಳುಪಟ್ಟಿಗಳನ್ನು ಒತ್ತೊತ್ತಾಗಿ ಇಳಿಬಿಟ್ಟ ರಚನೆ ಕಂಡರೆ ಅದು ಮಂಕಿಟಾಪ್. ಬೆಂಗಳೂರಿನ ಬಂಗಲೆಗಳ ಗುರುತು ಎಂದರೆ ಇದೇ. ಓರೆ ಬಿಸಿಲನ್ನೂ ಎರಚಲು ಮಳೆಯನ್ನೂ ಅದು ತಡೆಯುತ್ತದೆ, ಪಟ್ಟಿಗಳ ನಡುವಿನಿಂದ ಗಾಳಿಯನ್ನು ಬಿಡುತ್ತದೆ. ಪಟ್ಟಿಗಳ ಕೆಳತುದಿ ಚೂಪಾಗಿಯೋ ದುಂಡಗೋ ಕತ್ತರಿಸಿರುತ್ತದೆ, ಸೂರಿನ ಅಂಚಿಗೆ ಹೊಡೆದ ಮರದ ಹಲಗೆಯಲ್ಲೂ ಹಾಗೆಯೇ. ಅದು ಚಂದಕ್ಕೆ ಮಾತ್ರ ಮಾಡಿದ್ದಲ್ಲ. ಇಳಿದ ನೀರು ಆ ಮೊನೆಗಳಿಗೆ ಬಂದು ಸೇರಿ ತೊಟ್ಟಿಕ್ಕುತ್ತದೆ, ಹಲಗೆಯ ಅಡಿಯಂಚಿನ ಉದ್ದಕ್ಕೂ ನಿಂತು ಮರವನ್ನು ಕೊಳೆಸುವುದಿಲ್ಲ. ಮಳೆಯಲ್ಲಿ ಹೋಗಿ ಎಂದದ್ದು ಇದಕ್ಕಾಗಿಯೇ: ಪ್ರತಿ ಮೊನೆಯಿಂದಲೂ ಒಂದೊಂದು ಹನಿ ಬೀಳುವುದನ್ನು ಕಣ್ಣಾರೆ ನೋಡಬಹುದು.

ಹೆಂಚುಗಳನ್ನು ಸೂರಿನ ಅಡಿಯಿಂದ ನೋಡಿ. ಮಂಗಳೂರು ಹೆಂಚಿನ ಒಳಮೈಯಲ್ಲಿ ಕಾರ್ಖಾನೆಯ ಹೆಸರು, ಊರು, ಕೆಲವೊಮ್ಮೆ ಪ್ರಾಣಿಯ ಮುದ್ರೆ ಇರುತ್ತವೆ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅವರ ಹೆಂಚಿನ ಮೇಲೆ ಆ ಇಸವಿಯೂ ಅಚ್ಚಾಗಿರುತ್ತದೆ. ಅದನ್ನು ಕಂಡು ಮನೆ 1865ರದ್ದು ಎಂದು ಬರೆದುಕೊಳ್ಳಬೇಡಿ. ಅದು ಕಾರ್ಖಾನೆಯ ಹುಟ್ಟಿದ ವರ್ಷ, ಹೆಂಚಿನದ್ದಲ್ಲ. ಒಂದೇ ಮಾಡಿನಲ್ಲಿ ಮೂರು ನಾಲ್ಕು ಕಾರ್ಖಾನೆಗಳ ಹೆಂಚುಗಳು ಬೆರೆತಿದ್ದರೆ ಕಾಲಕಾಲಕ್ಕೆ ಒಡೆದದ್ದನ್ನು ಬದಲಿಸಿದ್ದಾರೆ ಎಂದರ್ಥ. ನಡುವೆ ಹೊಳೆಯುವ ಗಾಜಿನ ಹೆಂಚು ಕಂಡರೆ ಅದರ ಕೆಳಗೆ ಅಡುಗೆಮನೆಯೋ ನಡುಮನೆಯೋ ಇರುತ್ತದೆ.

ಹೆಂಚಿಲ್ಲದ ಮಟ್ಟಸ ಮಾಡಾಗಿದ್ದರೆ ಮದ್ರಾಸ್ ತಾರಸಿ ಆಗಿರಬಹುದು. ತೇಗದ ತೊಲೆಗಳನ್ನು ಹತ್ತಿರ ಹತ್ತಿರ ಜೋಡಿಸಿ, ಅವುಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಸುಣ್ಣದ ಗಾರೆಯಲ್ಲಿ ಕೂರಿಸಿ, ಮೇಲೆ ಇಟ್ಟಿಗೆ ಚೂರಿನ ಗಾರೆಯನ್ನು ಹಾಕಿ ಬಡಿದು ಗಟ್ಟಿಮಾಡುತ್ತಿದ್ದರು. ಗಾರೆಗೆ ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸುವ ಪದ್ಧತಿಯೂ ಇತ್ತು. ವರಾಂಡದ ಚಾವಣಿಯಲ್ಲಿ ತೊಲೆಗಳ ನಡುವೆ ಓರೆ ಇಟ್ಟಿಗೆ ಸಾಲು ಕಂಡರೆ ಖಚಿತ.

ನೆತ್ತಿಯ ಮೇಲಿನ ಹೆಸರು, ಇಸವಿ

ಮನೆಯ ಹೆಸರನ್ನು ಗೇಟಿನ ಫಲಕದಲ್ಲಿ ಓದಿ ಬಿಡಬೇಡಿ. ಪ್ಯಾರಪೆಟ್ಟಿನ ನಡುವೆ ಗಾರೆಯಲ್ಲಿ ಮೂಡಿಸಿದ ನಿಲಯ, ವಿಲಾಸ, ಸದನಗಳನ್ನು ಹುಡುಕಿ. ಅಕ್ಕಪಕ್ಕದಲ್ಲಿ ಗಿಳಿ, ಸಿಂಹ, ಕಲಶ, ಅಡಿಯಲ್ಲಿ ಇಸವಿ ಇರುತ್ತವೆ. ಎಷ್ಟೋ ಕಡೆ ಇಸವಿ ಕನ್ನಡ ಅಂಕಿಗಳಲ್ಲಿದೆ. ಛತ್ರ, ಭಜನೆ ಮಂದಿರ, ಗುಡಿಗಳ ಮೇಲೆ ಇಸವಿಯ ಬದಲು ಸಂವತ್ಸರದ ಹೆಸರು ಸಿಕ್ಕರೆ ಹೀಗೆ ಲೆಕ್ಕ ಹಾಕಿ: ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುತ್ತವೆ. ವಿಕ್ರಮ ಎಂದಿದ್ದರೆ 1880-81, 1940-41, 2000-01 ಇವುಗಳಲ್ಲಿ ಒಂದು. ಮಾಡು ಹೆಂಚಿನದೇ, ಕಾಂಕ್ರೀಟೇ, ಕಿಟಕಿ ಎಂಥದ್ದು ಎಂದು ನೋಡಿದರೆ ಮೂರರಲ್ಲಿ ಯಾವುದು ಎಂದು ಹೇಳುವುದು ಕಷ್ಟವಲ್ಲ.

ಸಿಮೆಂಟಿನ ಮನೆಗಳನ್ನು ದಾಟಿ ಹೋಗಬೇಡಿ

ಹೆಂಚಿನ ಮನೆಗಳ ಮೋಹದಲ್ಲಿ 1930ರಿಂದ 1950ರ ದಶಕದವರೆಗಿನ ಕಾಂಕ್ರೀಟ್ ಮನೆಗಳನ್ನು ಯಾರೂ ನೋಡುವುದಿಲ್ಲ. ಇದು ನಿಜಕ್ಕೂ ನೋವಿನ ಸಂಗತಿ, ಏಕೆಂದರೆ ಈಗ ಬೇಗ ಬೇಗ ಉರುಳುತ್ತಿರುವ ಮನೆಗಳಲ್ಲಿ ಇವೂ ಸೇರಿವೆ. ಆರ್ಟ್ ಡೆಕೊ ಶೈಲಿಯ ಈ ಮನೆಗಳಲ್ಲಿ ಮೂಲೆಗಳು ದುಂಡಗಾಗಿ ತಿರುಗುತ್ತವೆ. ಬಾಲ್ಕನಿಯ ಸುತ್ತ ಮೂರು ಸಮಾನಾಂತರ ಗೆರೆಗಳು ಹರಿಯುತ್ತವೆ. ಪ್ಯಾರಪೆಟ್ಟು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮಹಡಿ ಮೆಟ್ಟಿಲಿನ ಗೋಡೆಗೆ ಹಡಗಿನದರಂಥ ದುಂಡು ಕಿಟಕಿ ಇರುತ್ತದೆ, ಗ್ರಿಲ್ಲಿನಲ್ಲಿ ಉದಯಿಸುವ ಸೂರ್ಯ ಇರುತ್ತಾನೆ. ಕಿಟಕಿಯ ಮೇಲಿನ ಸಜ್ಜಾ ಒಂದು ಕಿಟಕಿಗೆ ಮುಗಿಯದೆ ಮೂಲೆ ತಿರುಗಿ ಮುಂದಿನ ಕಿಟಕಿಯನ್ನೂ ಹೊದ್ದುಕೊಳ್ಳುತ್ತದೆ. ಆ ಸಜ್ಜಾದ ಅಡಿಭಾಗವನ್ನು ನೋಡಿ: ಹೊರ ಅಂಚಿಗೆ ಸಮನಾಗಿ ಬೆರಳಗಲದ ತೋಡಿದ ಗೆರೆಯೊಂದು ಉದ್ದಕ್ಕೂ ಓಡಿರುತ್ತದೆ. ಮಳೆನೀರು ಅಡಿಯಲ್ಲಿ ಹರಿದು ಗೋಡೆಗೆ ಬರಲು ಹೊರಟರೆ ಆ ಗೆರೆಯಲ್ಲಿ ತಡೆದು ಕೆಳಗೆ ಬೀಳುತ್ತದೆ. ಹೆಂಚಿನ ಮನೆಯ ಮರದ ಮೊನೆ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಗಾರೆಯವರ ಕರಣೆಯ ಒಂದು ಗೆರೆ ಮಾಡುತ್ತದೆ. ಈ ಗೆರೆಯಿಲ್ಲದ ಹೊಸ ಕಟ್ಟಡಗಳ ಗೋಡೆಯಲ್ಲಿ ಕಪ್ಪು ನೀರಿಳಿದ ಕಲೆಗಳಿರುವುದನ್ನು ಪಕ್ಕದಲ್ಲೇ ಹೋಲಿಸಿ ನೋಡಬಹುದು.

ಹಿಂಬದಿಯ ಓಣಿ

ಎದುರು ನೋಡಿದ್ದಾಯಿತು. ಮಲ್ಲೇಶ್ವರದಲ್ಲಿ ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಕನ್ಸರ್ವೆನ್ಸಿ ಎಂದು ಕರೆಯುವ ಕಿರುಓಣಿಗಳಿವೆ. ಒಳಚರಂಡಿ ಇಲ್ಲದ ಕಾಲದಲ್ಲಿ ಮಲ ಹೊರುವವರು ಈ ದಾರಿಯಿಂದ ಬಂದು ಹೋಗುತ್ತಿದ್ದರು. ಊರಿನ ನೈರ್ಮಲ್ಯ ಯಾರ ಹೆಗಲ ಮೇಲಿತ್ತು, ಅವರನ್ನು ಮುಂಬಾಗಿಲಿನಿಂದ ಎಷ್ಟು ದೂರವಿಟ್ಟಿದ್ದರು ಎಂಬುದು ನಕ್ಷೆಯಲ್ಲೇ ಅಚ್ಚಾಗಿದೆ. ಅಂದದ ಮುಂಭಾಗಗಳನ್ನು ಮೆಚ್ಚಿ ಬಂದವರು ಇದನ್ನೂ ನೋಡಲೇಬೇಕು. ಹಿತ್ತಿಲ ಗೋಡೆಯ ಬುಡದಲ್ಲಿ ಇಟ್ಟಿಗೆಯಿಂದ ಮುಚ್ಚಿದ ಸಣ್ಣ ಬಾಯಿಗಳು, ಅಗಲ ಕಿರಿದಾದ ಬಾಗಿಲುಗಳು ಆ ಕಾಲದವು. ಕೆಲವು ಓಣಿಗಳು ಒತ್ತುವರಿಯಾಗಿವೆ, ಕೆಲವಕ್ಕೆ ಗೇಟು ಬಿದ್ದಿದೆ. ತೆರೆದಿರುವಲ್ಲಿ ಮಾತ್ರ ಹೋಗಿ.

ಬಚ್ಚಲಿನ ಗೋಡೆಯೂ ಇಲ್ಲೇ ಕಾಣುತ್ತದೆ. ತಾಮ್ರದ ಹಂಡೆಗೆ ಉರಿ ಹಾಕುತ್ತಿದ್ದ ಒಲೆಯ ಬಾಯಿ ಕೆಲವು ಮನೆಗಳಲ್ಲಿ ಹೊರಮುಖವಾಗಿತ್ತು. ನೆಲಕ್ಕೆ ಹತ್ತಿರ ಸಣ್ಣ ಕಮಾನು, ಅದರ ಮೇಲೆ ಗೋಡೆಯುದ್ದಕ್ಕೂ ಏರಿದ ಮಸಿ ಇದ್ದರೆ ಅದೇ.

ಕೆಡವಿದ ಮನೆಯ ನೆರೆಗೋಡೆ

ರಸ್ತೆಯಲ್ಲಿ ಒಂದು ಮನೆ ಕೆಡವಿ ನಿವೇಶನ ಖಾಲಿಯಾಗಿದ್ದರೆ ಅಲ್ಲಿ ನಿಲ್ಲಿ. ಉಳಿದ ನೆರೆಮನೆಯ ಗೋಡೆಗೆ ಒತ್ತಿ ಕಟ್ಟಿದ ಮನೆಯಾಗಿದ್ದರೆ ಅದರ ಗುರುತು ಆ ಗೋಡೆಯ ಮೇಲೆ ಉಳಿದಿರುತ್ತದೆ: ಮಾಡಿನ ಇಳಿಜಾರಿನ ಗೆರೆ, ತೊಲೆಗಳನ್ನು ತೂರಿಸಿದ್ದ ತೂತುಗಳ ಸಾಲು, ಮೆಟ್ಟಿಲು ಏರಿದ ಜಾಡು, ಅಡುಗೆಮನೆಯ ಮಸಿ, ದೇವರಮನೆಯ ಹಳದಿ, ಮಲಗುವ ಕೋಣೆಯ ತಿಳಿನೀಲಿ. ಇಡೀ ಮನೆಯ ಒಳನಕ್ಷೆಯನ್ನು ಹೀಗೆ ಬೀದಿಯಲ್ಲಿ ನಿಂತು ನೋಡುವ ಅವಕಾಶ ಹೊಸ ಗೋಡೆ ಏಳುವವರೆಗೆ ಮಾತ್ರ. ಬೇರೇನನ್ನು ಬಿಟ್ಟರೂ ಇದರ ಫೋಟೊ ತೆಗೆದಿಡಿ.

ಬಡಾವಣೆಗಿಂತ ಹಳೆಯವು

ನೇರ ರಸ್ತೆಯೊಂದು ಇದ್ದಕ್ಕಿದ್ದಂತೆ ಸೊಟ್ಟಗೆ ತಿರುಗಿದರೆ, ನಡುರಸ್ತೆಯಲ್ಲಿ ಅಶ್ವತ್ಥಕಟ್ಟೆ ಸಿಕ್ಕರೆ, ಅಲ್ಲಿ ಮೊದಲೊಂದು ಹಳ್ಳಿಯಿತ್ತು ಎಂದು ಅನುಮಾನಿಸಿ. ಬಸವನಗುಡಿ ಎದ್ದ ಜಾಗದಲ್ಲಿ ಸುಂಕೇನಹಳ್ಳಿ ಇತ್ತು. ಕಾಡುಮಲ್ಲೇಶ್ವರ ಗುಡಿಗೆ ಶಿವಾಜಿಯ ಮಲಸಹೋದರ ವೆಂಕೋಜಿ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟ ಶಾಸನ 1669ರದು. ಮಲ್ಲೇಶ್ವರದ ಬಡಾವಣೆಗಿಂತ ಅದು ಇನ್ನೂರಕ್ಕೂ ಹೆಚ್ಚು ವರ್ಷ ಹಿರಿಯದು. ಕಟ್ಟೆಯ ನಾಗರಕಲ್ಲುಗಳ ನಡುವೆ, ಚರಂಡಿಯ ಅಂಚಿನಲ್ಲಿ, ಗುಡಿಯ ಮೂಲೆಯಲ್ಲಿ ಅಕ್ಷರವಿರುವ ಕಲ್ಲು ಕಂಡರೆ ತೊಳೆಯಲು, ಬಣ್ಣ ಹಚ್ಚಲು, ಸರಿಸಲು ಹೋಗಬೇಡಿ. ಓರೆ ಬೆಳಕಿನಲ್ಲಿ ಫೋಟೊ ತೆಗೆದು, ಜಾಗವನ್ನು ಗುರುತಿಸಿಕೊಂಡು, ಪುರಾತತ್ತ್ವ ಇಲಾಖೆಗೋ ಶಾಸನ ಓದಬಲ್ಲವರಿಗೋ ತಿಳಿಸಿ.

ಮಾತನಾಡಿಸಿ, ಬರೆದಿಡಿ

ಜಗಲಿಯಲ್ಲಿ ಪತ್ರಿಕೆ ಓದುತ್ತಿರುವ ಹಿರಿಯರು ಕಂಡರೆ ನಮಸ್ಕಾರ ಹೇಳಿ. ‘ನಿಮ್ಮ ಕಿಟಕಿ ತುಂಬ ಚೆನ್ನಾಗಿದೆ, ಎಷ್ಟು ವರ್ಷದ್ದು?’ ಎಂದು ಕೇಳಿ. ‘ಮನೆ ಮಾರುತ್ತೀರಾ?’ ಎಂದು ಕೇಳಲು ಬರುವವರೇ ಹೆಚ್ಚಾಗಿರುವ ಕಾಲದಲ್ಲಿ ಕಿಟಕಿಯ ಬಗ್ಗೆ ಕೇಳಿದವರನ್ನು ಅವರು ಸಾಮಾನ್ಯವಾಗಿ ಒಳಗೆ ಕರೆಯುತ್ತಾರೆ. ಕರೆಯದಿದ್ದರೆ ಬೇಸರ ಬೇಡ. ಅನುಮತಿ ಇಲ್ಲದೆ ಮನೆಯ ಒಳಭಾಗವನ್ನಾಗಲಿ, ಮನೆಯವರನ್ನಾಗಲಿ ಚಿತ್ರಿಸಬೇಡಿ. ಒಂಟಿಯಾಗಿ ಹೋಗಲು ಸಂಕೋಚವಿದ್ದರೆ ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ವಿಭಾಗ ನಡೆಸುವ ‘ಪರಿಚಯ’ ನಡಿಗೆಗಳಲ್ಲಿ ಒಂದಕ್ಕೆ ಸೇರಿಕೊಳ್ಳಬಹುದು.

ಮನೆಗೆ ಬಂದ ದಿನವೇ ಪ್ರತಿ ಚಿತ್ರಕ್ಕೂ ದಿನಾಂಕ, ರಸ್ತೆ, ಮನೆ ಮುಖ ಮಾಡಿದ ದಿಕ್ಕು, ಕಂಡ ವಿವರ ಇಷ್ಟನ್ನು ಬರೆದಿಡಿ. ನಾಳೆಗೆ ಬಿಟ್ಟರೆ ಯಾವ ಕಿಟಕಿ ಯಾವ ಮನೆಯದು ಎಂಬುದು ಮರೆತುಹೋಗುತ್ತದೆ. ಮಾತನಾಡಿಸಿದ ಮನೆಯವರಿಗೆ ಅವರ ಮನೆಯ ಚಿತ್ರಗಳ ಒಂದು ಪ್ರತಿಯನ್ನು ಮುದ್ರಿಸಿ ಕೊಡಿ. ಮುಂದಿನ ಸಲ ಹೋದಾಗ ಮನೆ ಕಟ್ಟಿದ ಕಾಲದ ಕರಾರುಪತ್ರ, ನಕ್ಷೆ, ಹಳೆಯ ಫೋಟೊ ಇವೆಯೇ ಎಂದು ಕೇಳಲು ಅದರಿಂದ ದಾರಿಯಾಗುತ್ತದೆ.